ತೋಟದ ಮಾತು 6: ಕರಡಿಯ ಮನೆತನ

ರಾತ್ರಿ ತ್ರೀ ಫೇಸ್ ಕರೆಂಟ್ ಬಂತು. ತೆಂಗಿಗೆ ನೀರು ಬಿಡೋಕೆ ಹೊರಟ ತಾತನಿಗೆ, "ಬೇಡ ತಾತ, ಕರಡಿ ಕಾರ್ನಿವೋರಾ, ತಿಂದುಬಿಡುತ್ತೆ" ಅಂದೆ. "ಅದು ಬರೋದು ಹುತ್ತಕ್ಕೆ ಕಣ್ಲಾ, ನನಗಲ್ಲ" ಅಂತ ನಕ್ಕರು.

ಬಿಕಾಂ ಓದೋ ನಾನು ಆಮೇಲೆ ಹುಡುಕಿ ನೋಡಿದೆ. ತಾತನೇ ಸರಿ. ಕಾರ್ನಿವೋರಾ ಅಂದ್ರೆ ಊಟದ ಹೆಸರಲ್ಲ, ಮನೆತನದ ಹೆಸರು. ಚಿರತೆ, ನಾಯಿ, ಮುಂಗುಸಿ, ಕರಡಿ ಎಲ್ಲ ಒಂದೇ ಗಣ; ಮಾಂಸ ಕತ್ತರಿಸೋ ಹಲ್ಲಿದ್ದ ಪೂರ್ವಜರ ವಂಶ. ಮಾಂಸ ತಿನ್ನೋ ಮೊಸಳೆ ಈ ಗಣದಲ್ಲಿಲ್ಲ, ಬಿದಿರು ತಿನ್ನೋ ಪಾಂಡಾ ಇದೆ. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಕರಡಿಗೆ ಗೆದ್ದಲು, ಇರುವೆ, ಜೇನು, ಹಣ್ಣೇ ಮುಖ್ಯ ಊಟ. ಗೆದ್ದಲು ಹೀರೋಕೆ ಅನುಕೂಲವಾಗೋ ಹಾಗೆ ಅದಕ್ಕೆ ಮೇಲಿನ ಎರಡು ಮುಂಬಲ್ಲೇ ಇಲ್ಲ!

ಆದ್ರೆ ತಿನ್ನಲ್ಲ ಅಂದ್ರೆ ಏನೂ ಮಾಡಲ್ಲ ಅಂತಲ್ಲ. ಹತ್ತಿರದಲ್ಲಿ ಬೆಚ್ಚಿಬಿದ್ರೆ ಮೇಲೇ ಬೀಳುತ್ತೆ. ಅದಕ್ಕೇ ತಾತ ಜೋರಾಗಿ ಕೆಮ್ಮುತ್ತಾ ಹೋಗೋದು. ನಿಮ್ಮನೇಲೂ ರಾತ್ರಿ ತೋಟಕ್ಕೆ ಹೋಗೋರಿದ್ರೆ ಟಾರ್ಚ್ ಕೊಡಿ, ಸದ್ದು ಮಾಡ್ತಾ ಹೋಗಿ ಅನ್ನಿ.