ಕಾಯಿ ಮೊದಲೋ ಕಲ್ಲು ಮೊದಲೋ

ನಮ್ಮ ತರಗತಿಯಲ್ಲಿ ವಿಜ್ಞಾನಕ್ಕೆ ನನಗೇ ಹೆಚ್ಚು ಮಾರ್ಕ್ಸ್ ಬರೋದು. ಆದರೂ ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ.

ಹೋದ ವಾರ ಮೇಷ್ಟ್ರು ಒಂದು ಸುಲಿದ ತೆಂಗಿನಕಾಯಿ, ಒಂದು ಗೋಲಿಯಷ್ಟು ಕಲ್ಲು ತಂದರು. "ಎರಡನ್ನೂ ಒಂದೇ ಎತ್ತರದಿಂದ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತೆ?" ಅಂದರು. ನನ್ನ ಪಕ್ಕ ಕೂರುವ ಗೆಳೆಯ, "ಕಾಯಿ ಸಾರ್, ಅದೇ ತೂಕ" ಅಂದ. ನಾನು ಜೋರಾಗಿ ನಕ್ಕುಬಿಟ್ಟೆ. ನನ್ನನ್ನು ನೋಡಿ ಎಲ್ಲರೂ ನಕ್ಕರು. ಆಮೇಲೆ ಎದ್ದು ನಿಂತು, "ಎರಡೂ ಒಟ್ಟಿಗೆ ಸಾರ್" ಅಂದೆ. ಮೇಷ್ಟ್ರು ಮೇಜು ಹತ್ತಿ ಕೈಬಿಟ್ಟರು. ಧಪ್ ಅಂತ ಒಂದೇ ಸದ್ದು. (ಕಾಯಿ ಒಡೀತು, ಆಮೇಲೆ ಎಲ್ಲರೂ ತಿಂದೆವು.)

"ಯಾಕೆ ಹಂಗಾಯ್ತು?" ಅಂತ ಮೇಷ್ಟ್ರು ನನ್ನನ್ನೇ ಕೇಳಿದರು. ಹೈಸ್ಕೂಲಿನ ಅಣ್ಣನ ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದೆ ಅಷ್ಟೆ. "ಪುಸ್ತಕದಲ್ಲಿ ಹಂಗೇ ಇದೆ ಸಾರ್" ಅಂದೆ. ಅವರು ಬೈಯಲಿಲ್ಲ, "ಕೂತ್ಕೋ" ಅಂದರು. ಬೈದಿದ್ರೇ ವಾಸಿಯಿತ್ತು.

ಮಧ್ಯಾಹ್ನ ಗೆಳೆಯ ನನ್ನ ಜೊತೆ ಮಾತಾಡಲಿಲ್ಲ. ಜಗಲಿ ಮೇಲೆ ಇದ್ದಿಲಲ್ಲಿ ಬರೆದ ಆಡು-ಹುಲಿ ಮನೆ ಮುಂದೆ ಎರಡು ಕಲ್ಲು ಹಿಡಿದು ಕೂತಿದ್ದ. ಆ ಆಟದಲ್ಲಿ ಅವನನ್ನು ಸೋಲಿಸೋರು ಊರ್ಡಿಗೆರೆಯಲ್ಲೇ ಇಲ್ಲ. ಆಡು ಇಲ್ಲಿಟ್ಟರೆ ಹುಲಿ ಹಿಂಗೆ ಬರುತ್ತೆ, ಆಗ ನಾವು ಹಂಗೆ ಹೋಗಬೇಕು ಅಂತ ಮೂರು ನಡೆ ಮೊದಲೇ ಹೇಳ್ತಾನೆ. ಮಾರ್ಕ್ಸ್ ಮಾತ್ರ ಬರಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಕರೆದ.

"ಇವೆರಡೂ ಒಂದೇ ಸಮ ಕಲ್ಲು. ಒಟ್ಟಿಗೆ ಬೀಳ್ತವೆ ತಾನೆ?"

"ಹೂಂ."

"ಒಂದಕ್ಕೊಂದು ತಾಗಿಕೊಂಡು ಬಿದ್ರೂ ಅಷ್ಟೇ ತಾನೆ?"

"ಹೂಂ."

"ಮಧ್ಯೆ ಒಂದು ಚೂರು ಗೋಂದು ಹಚ್ಚಿದರೆ? ಈಗ ಅದು ಒಂದೇ ಕಲ್ಲು, ತೂಕ ಎರಡರಷ್ಟು. ಗೋಂದು ಹಚ್ಚಿದ ಮಾತ್ರಕ್ಕೆ ಬೇಗ ಬೀಳುತ್ತಾ? ಅದಕ್ಕೇ ಕಾಯಿ ಮೊದಲು ಬೀಳಲಿಲ್ಲ ಕಣೋ."

ನನಗೆ ಮೈ ಜುಮ್ಮಂತು. ಅವನನ್ನು ಎಳ್ಕೊಂಡು ಮೇಷ್ಟ್ರ ಹತ್ತಿರ ಓಡಿದೆ. ಅವರು ಕೇಳಿ ಬಹಳ ಹೊತ್ತು ನಕ್ಕರು, ಖುಷಿಯಿಂದ. ಇಟಲಿಯ ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಇಂಥದೇ ತರ್ಕ ಬರೆದಿದ್ದಾನಂತೆ. ಭಾರದ್ದು ಬೇಗ ಬೀಳುತ್ತೆ ಅನ್ನೋದಾದರೆ, ದೊಡ್ಡ ಕಲ್ಲಿಗೆ ಸಣ್ಣ ಕಲ್ಲು ಕಟ್ಟಿದಾಗ ಸಣ್ಣದು ದೊಡ್ಡದನ್ನು ತಡೀಬೇಕು. ಆದರೆ ಎರಡೂ ಸೇರಿ ತೂಕ ಜಾಸ್ತಿಯಾಯ್ತು, ಇನ್ನೂ ಬೇಗ ಬೀಳಬೇಕು! ಎರಡೂ ಹೇಗೆ ನಿಜ ಆಗುತ್ತೆ? ಅದಕ್ಕೂ ಮೊದಲು ಅರಿಸ್ಟಾಟಲ್‌ನಂಥ ದೊಡ್ಡವನೇ ಭಾರದ್ದು ಬೇಗ ಅಂದಿದ್ದನಂತೆ. ಹಾಗಾದರೆ ನನ್ನ ಗೆಳೆಯ ಬೆಳಿಗ್ಗೆ ಹೇಳಿದ್ದಕ್ಕೆ ನಾನು ನಗೋದೇನಿತ್ತು?

"ಮತ್ತೆ ಎಲೆ ಯಾಕೆ ನಿಧಾನ?" ಅಂತ ನಾನು ಕೇಳಿದೆ. ಗಾಳಿ ತಡೆಯುತ್ತೆ ಅಂದರು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ, ಹಕ್ಕಿಗರಿ ಎರಡನ್ನೂ ಬಿಟ್ಟಾಗ ಒಟ್ಟಿಗೇ ಬಿದ್ದವಂತೆ.

"ಚಂದ್ರನ ಮೇಲೆ ಗಾಳಿ ಯಾಕಿಲ್ಲ ಸಾರ್?" ಅಂದ ನನ್ನ ಗೆಳೆಯ. "ಇಬ್ಬರೂ ಯೋಚಿಸಿಕೊಂಡು ಬನ್ನಿ" ಅಂದರು. ದಿನಾ ಜಗಲಿ ಮೇಲೆ ಕೂತು ಯೋಚಿಸ್ತಿದ್ದೇವೆ. ನಕ್ಕಿದ್ದಕ್ಕೆ ಮಾತ್ರ ಅವನಿಗೆ ನಾನಿನ್ನೂ ಏನೂ ಹೇಳಿಲ್ಲ. ಈ ಹಾಳೆಯನ್ನು ಗೋಡೆಗೆ ಅಂಟಿಸೋಕೆ ಗೋಂದು ತರೋನು ಅವನೇ, ಓದ್ತಾನೆ.