ನನ್ನ ತಮ್ಮ ಓದಲು ಕಲಿತದ್ದು

ನನ್ನ ತಮ್ಮನ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅವನನ್ನು ಕೇಳಿಯೇ ಬರೆದಿದ್ದೇನೆ. ಯಾರೂ ಅವನನ್ನು ಆಡಿಕೊಳ್ಳಬಾರದು.

ತಮ್ಮ ಈಗ ಐದನೇ ತರಗತಿ. ಹೋದ ವರ್ಷದವರೆಗೂ ಅವನಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಇದು ಗೊತ್ತೇ ಇರಲಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ, ಪುಸ್ತಕದ ಮೇಲೆ ಬೆರಳಿಟ್ಟು ಗಡಗಡ ಹೇಳಿಬಿಡುತ್ತಿದ್ದ. ಒಂದು ರಾತ್ರಿ ನಾನು ಸುಮ್ಮನೆ ಹಾಳೆ ತಿರುವಿದೆ. ಅವನು ಹಿಂದಿನ ಹಾಳೆಯ ಪಾಠವನ್ನೇ ಹೇಳುತ್ತಾ ಹೋದ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನಿಗೂ ಹೇಳಿಬಿಟ್ಟೆ. ಅದೇ ತಪ್ಪಾಯಿತು.

“ಓದು ತಲಿಗೆ ಹತ್ತಲ್ಲ ಅಂದ್ರ ಬಿಡ್ಲಿ. ಮುಂದಿನ ವರ್ಷ ಕುರಿ ಹಿಂದ ಹೋಗ್ಲಿ” ಅಂದ ಅಪ್ಪ. ತಮ್ಮ ಅವತ್ತು ಉಣ್ಣಲಿಲ್ಲ.

ಅವನು ದಡ್ಡ ಅಲ್ಲ. ನಮ್ಮ ಅಪ್ಪ ಅವ್ವ ದೀಪಾವಳಿ ಆದ ಮೇಲೆ ಚಿಕ್ಕಮಗಳೂರು ಕಡೆ ಕಾಫಿ ಹಣ್ಣು ಬಿಡಿಸಲು ಗುಳೆ ಹೋಗುತ್ತಾರೆ. ನನ್ನನ್ನು ಅಜ್ಜಿ ಹತ್ತಿರ ಬಿಟ್ಟು ಸಣ್ಣವನೆಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಕೊರೋನಾ ಆದ ಮೇಲೆ 1ರಿಂದ 5ನೇ ತರಗತಿಗಳು ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಅವನು ಒಂದನೇ ತರಗತಿಗೆ ಹತ್ತು ದಿನ ಬಂದಿರಬೇಕು, ಅಷ್ಟೇ. ಗುಳೆ ಹೊರಟಿತು. ಹೀಗೆ ಮೂರು ವರ್ಷ.

ನಲಿ-ಕಲಿಯಲ್ಲಿ ಕಾರ್ಡು, ಏಣಿ ಇರುತ್ತವೆ, ನಿಮಗೆ ಗೊತ್ತು. ಇದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದಂತೆ, ಮೇಷ್ಟ್ರು ಹೇಳಿದರು. ಎಷ್ಟು ದಿನ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆದರೆ ಅದು ಮೂರನೇ ತರಗತಿವರೆಗೆ ಮಾತ್ರ. ನಾಲ್ಕಕ್ಕೆ ಎಲ್ಲರಿಗೂ ಒಂದೇ ಪುಸ್ತಕ. ತಮ್ಮ ಇನ್ನೂ ಏಣಿಯ ಅರ್ಧದಲ್ಲೇ ನಿಂತಿದ್ದ.

ಮೇಷ್ಟ್ರು ಮನೆಗೆ ಬಂದು, ಹದಿನಾಲ್ಕು ವರ್ಷದವರೆಗೆ ಮಕ್ಕಳು ಶಾಲೆಯಲ್ಲೇ ಇರಬೇಕು, 2009ರಲ್ಲೇ ಕಾನೂನು ಆಗಿದೆ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನಾನು ಓದಸ್ತೀನಿ” ಅಂತ ನಾನೇ ಬಾಯಿ ಹಾಕಿದೆ.

ಓದಿಸುವುದು ಸುಲಭ ಅಂದುಕೊಂಡಿದ್ದೆ. ಪ, ಷ ಎರಡೂ ಅವನಿಗೆ ಒಂದೇ. ಒತ್ತಕ್ಷರ ಬಂದರೆ ನುಂಗಿಬಿಡುತ್ತಿದ್ದ. ನಾನು ತಲೆಗೆ ಮೊಟಕುತ್ತಿದ್ದೆ. ಒಂದು ದಿನ ಅವನು ಗ್ರಂಥಾಲಯದ ಪುಸ್ತಕದಲ್ಲಿ ಹಲ್ಮಿಡಿ ಶಾಸನದ ಚಿತ್ರ ತೋರಿಸಿ, “ಯಕ್ಕಾ, ಇದೂ ಕನ್ನಡನಾ?” ಅಂದ. ಹೌದು, ಸುಮಾರು 450ನೇ ಇಸವಿಯದು ಅಂದೆ. “ಹಂಗಾದ್ರ ಓದು” ಅಂದ. ಒಂದು ಅಕ್ಷರವೂ ಗೊತ್ತಾಗಲಿಲ್ಲ. ಅವನು ನಗಲಿಲ್ಲ, ನನ್ನ ತಲೆಗೆ ಮೊಟಕಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅವತ್ತಿನಿಂದ ಕೈ ಮಾಡಿಲ್ಲ (ಎರಡು ಸಲ ಬಿಟ್ಟು).

ಆಮೇಲೆ ಹರಪನಹಳ್ಳಿ ಬಸ್ ಸ್ಟ್ಯಾಂಡೇ ನಮ್ಮ ಪುಸ್ತಕವಾಯಿತು. ಅವ್ವನ ಜೊತೆ ಹೋದಾಗಲೆಲ್ಲ ಬೋರ್ಡು ಓದುವುದು. ಹಡಗಲಿ ಸುಲಭ, ಒತ್ತೇ ಇಲ್ಲ. ಕೂಡ್ಲಿಗಿಯಲ್ಲಿ ಡಕ್ಕೆ ಲ ಒತ್ತು. ಕೊಟ್ಟೂರಿಗೆ ಟ ಒತ್ತು. ಹಗರಿಬೊಮ್ಮನಹಳ್ಳಿ ಓದಿ ಮುಗಿಸುವುದರೊಳಗೆ ಬಸ್ಸೇ ಹೋಗಿಬಿಡುತ್ತಿತ್ತು! ಮನೆಗೆ ಬಂದು ಅದನ್ನೇ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಹಗರಿಬೊಮ್ಮನಹಳ್ಳಿ ಸರಿಯಾಗಿ ಬರೆಯಲು ಒಂದು ತಿಂಗಳು ಹಿಡಿಯಿತು.

ಬೇಸಿಗೆ ರಜೆಯಲ್ಲಿ ಅಪ್ಪ ಅವಸರದಲ್ಲಿ ಒಂದು ಬಸ್ಸಿಗೆ ಕಾಲಿಟ್ಟ. ಅಪ್ಪನಿಗೆ ಓದಲು ಬರಲ್ಲ. ತಮ್ಮ ಹಿಂದಿನಿಂದ ಅಂಗಿ ಹಿಡಿದು ಎಳೆದ. “ಅಪ್ಪಾ, ಇದು ಹೊಸಪೇಟಿ ಬಸ್ಸು, ನಮ್ದಲ್ಲ” ಅಂದ. ಅಪ್ಪ ಇಳಿದು ಬೋರ್ಡು ನೋಡಿದ, ಅವನ ಮುಖ ನೋಡಿದ. ಕುರಿ ಮಾತು ಆಮೇಲೆ ಎತ್ತಿಲ್ಲ. ಈ ಸಲ ಗುಳೆ ಹೋಗುವಾಗ ಅವನನ್ನೂ ಅಜ್ಜಿ ಹತ್ತಿರ ಬಿಡಬೇಕೆಂದು ಅವ್ವ ಹೇಳುತ್ತಿದ್ದಾಳೆ. ಅಪ್ಪ ಇನ್ನೂ ಏನೂ ಹೇಳಿಲ್ಲ.

ಈಗ ಅರ್ಕಾವತ್ತು ಒಂದು ಬಾಕಿ ಇದೆ. ಸೂರ್ಯನನ್ನು “ಸೂಯರ್” ಅನ್ನುತ್ತಾನೆ. ತಿದ್ದಿದರೆ, “ಹಿಂದ ಬರದಿದ್ದನ್ನ ಮುಂದ ಯಾಕ ಓದಬೇಕು?” ಅಂತ ಕೇಳುತ್ತಾನೆ. ನನಗೆ ಗೊತ್ತಿಲ್ಲ. ಸೋಮವಾರ ಮೇಷ್ಟ್ರನ್ನು ಕೇಳಬೇಕು.