ಪ್ರಶಸ್ತಿ ಬಂತು, ಸಿನಿಮಾ ನೋಡಿದಿರಾ?

ಪುತ್ತೂರು, ಸುಳ್ಯ, ಕಡಬದ ಕಡೆ ಯಾರಿಗಾದರೂ ಪ್ರಶಸ್ತಿ ಬಂತೆಂಬ ಸುದ್ದಿ ಹರಡಿದರೆ ಮರುದಿನವೇ ಸನ್ಮಾನದ ಮಾತು ಶುರು. ಪೇಟೆಯಲ್ಲಿ ಫ್ಲೆಕ್ಸ್ ಏಳುತ್ತದೆ, ಸಭಾಭವನ ಗೊತ್ತಾಗುತ್ತದೆ. ಶಾಲು, ಹಾರ, ಹಣ್ಣಿನ ತಟ್ಟೆ, ಸನ್ಮಾನಪತ್ರ ಓದಲಿಕ್ಕೆ ಒಳ್ಳೆಯ ಕಂಠದ ಒಬ್ಬ ಮಾಷ್ಟ್ರು, ಎಲ್ಲ ಸಿದ್ಧ. ಈ ಸಂಭ್ರಮ ನನಗೆ ತುಂಬ ಇಷ್ಟ. ಒಬ್ಬರ ದುಡಿಮೆಯನ್ನು ಊರಿಗೆ ಊರೇ ನಮ್ಮದೆಂದು ಹೇಳಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಆದರೆ ಪ್ರಶಸ್ತಿ ಸಿನಿಮಾಕ್ಕೆ ಬಂದದ್ದಾದರೆ ಮಾತ್ರ ಪಕ್ಕದಲ್ಲಿ ಕೂತವರನ್ನು ಒಂದು ಪ್ರಶ್ನೆ ಕೇಳೋಣ ಅನಿಸುತ್ತದೆ: ಆ ಸಿನಿಮಾ ನೋಡಿದ್ದೀರಾ?

ಹೀಗೆ ಕೇಳಲಿಕ್ಕೆ ಕಾರಣ ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದರೂ ಅವರ ದುಡಿಮೆಯ ದಶಕಗಳು ಪುತ್ತೂರಿನವು. ಪರ್ಲಡ್ಕದ ಬಾಲವನದಲ್ಲಿ ಮಕ್ಕಳಿಗೆ ಪಾಠ, ನಾಟಕ, ಕುಣಿತ, ಅಚ್ಚಿನ ಕೆಲಸ, ನಡುನಡುವೆ ಕಾದಂಬರಿ. ಅದೇ ಕಾಲಕ್ಕೆ ಸಿನಿಮಾದ ಹುಚ್ಚೂ ಹತ್ತಿತ್ತು. ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿಚಿತ್ರ ಮಾಡಿದರು. ಸುಮಾರು 1930–31ರ ಮಾತು ಇದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಸಿನಿಮಾ ಎಂದರೆ ಮದ್ರಾಸು, ಮುಂಬೈ ಎಂದು ಲೋಕವೆಲ್ಲ ತಿಳಿದಿದ್ದಾಗ ನಮ್ಮ ಕಡೆಯ ಒಬ್ಬರು ಚಿತ್ರ ತೆಗೆಯಲು ಹೊರಟಿದ್ದರು. ಆಗ ರಾಷ್ಟ್ರಪ್ರಶಸ್ತಿ ಎಂಬುದೇ ಇರಲಿಲ್ಲ. ಅದು ಶುರುವಾದದ್ದು 1954ರಲ್ಲಿ. ಹಾರ ಹಾಕುವವರಿಲ್ಲದ ಹೊತ್ತಿನಲ್ಲಿ ಮಾಡಿದ ಕೆಲಸಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ.

ಆ ಎರಡು ಚಿತ್ರಗಳ ಹೆಸರು ಗೊತ್ತಿದ್ದವರು ಇಂದು ನಮ್ಮಲ್ಲೂ ವಿರಳ. ಎಪ್ಪತ್ತರ ದಶಕದ ಕೊನೆಗೆ, ಮುಕ್ಕಾಲು ಶತಮಾನ ಬದುಕಿದ ಮೇಲೆ, ಕಾರಂತರು ಮತ್ತೆ ನಿರ್ದೇಶನಕ್ಕೆ ಇಳಿದರು. ಘಟ್ಟದ ಕುಡಿಯರ ಬದುಕಿನ ಮೇಲೆ ಬರೆದ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂದು ತೆರೆಗೆ ತಂದರು. ಅದನ್ನೂ ನೆನಪಿಟ್ಟವರು ಕಡಿಮೆ. ಕಾರಂತರ ಹೆಸರು ಸಿನಿಮಾ ಪ್ರಶಸ್ತಿಗಳ ಚರಿತ್ರೆಯಲ್ಲಿ ಗಟ್ಟಿಯಾಗಿ ನಿಂತದ್ದು ಬೇರೆಯವರು ತೆಗೆದ ಚಿತ್ರಗಳಿಂದ.

ಮೊದಲನೆಯದು ‘ಚೋಮನ ದುಡಿ’. ಕಾದಂಬರಿ 1933ರದು. ತುಂಡು ಗದ್ದೆ ಬೇಸಾಯ ಮಾಡಬೇಕೆಂಬ ಒಂದೇ ಆಸೆಯ ಚೋಮ, ಕಾಫಿ ತೋಟದ ಸಾಲ, ಮಗಳು ಬೆಳ್ಳಿ, ರಾತ್ರಿ ರಾತ್ರಿ ಕೇಳುವ ದುಡಿ. ಎತ್ತು ಎರಡಿದ್ದರೂ ಹೊಲೆಯನಾಗಿ ಹುಟ್ಟಿದವನಿಗೆ ಗದ್ದೆ ಕೊಡುವವರಿಲ್ಲ. ಇದನ್ನು 1975ರಲ್ಲಿ ಸಿನಿಮಾ ಮಾಡಿದ ಬಿ.ವಿ. ಕಾರಂತರು ಪುತ್ತೂರಿನ ಪಕ್ಕದ ಬಂಟ್ವಾಳ ತಾಲೂಕಿನ ಮಂಚಿಯವರು. ಚಿತ್ರಕಥೆ ಶಿವರಾಮ ಕಾರಂತರದೇ. ಆ ವರ್ಷದ ಅತ್ಯುತ್ತಮ ಚಿತ್ರಕ್ಕಿರುವ ಸ್ವರ್ಣ ಕಮಲ ಅದಕ್ಕೆ ಬಂತು, ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅದಕ್ಕೂ ಮುಂಚೆ ಸ್ವರ್ಣ ಕಮಲ ಪಡೆದಿದ್ದ ಕನ್ನಡ ಚಿತ್ರ ‘ಸಂಸ್ಕಾರ’ ಒಂದೇ.

1933ರಿಂದ 1975 ಅಂದರೆ 42 ವರ್ಷ. ಕಾದಂಬರಿ ಬಂದಾಗ ಹುಟ್ಟಿದ ಮಗುವಿಗೆ ಸ್ವರ್ಣ ಕಮಲ ಬರುವಾಗ ನಡುವಯಸ್ಸು. ಈ ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಅಸ್ಪೃಶ್ಯತೆ ಕಾನೂನಿನಲ್ಲಿ ಅಪರಾಧವಾಯಿತು, ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ ಜಾರಿಗೆ ಬಂತು. ಚೋಮ ಕೇಳಿದ್ದ ಪ್ರಶ್ನೆಗೆ ಶಾಸನಸಭೆ ಉತ್ತರ ಹುಡುಕುತ್ತಿದ್ದ ಹೊತ್ತಿಗೇ ಅವನು ತೆರೆಯ ಮೇಲೆ ಬಂದ. ಹಾಗಾಗಿ ಆ ಚಿನ್ನದ ಪದಕದಲ್ಲಿ ನಿರ್ದೇಶಕ, ನಿರ್ಮಾಪಕರ ಪಾಲಿನ ಜೊತೆಗೆ ನಮ್ಮ ಗದ್ದೆಗಳಲ್ಲಿ ದುಡಿದು ಹೆಸರಿಲ್ಲದೆ ಹೋದವರ ಪಾಲೂ ಇದೆಯೆಂದು ನಾನು ನಂಬಿದ್ದೇನೆ.

ಇದೇ 1975ರಲ್ಲಿ ಇನ್ನೊಂದು ನಡೆಯಿತು. ಶಿವರಾಮ ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಸಿಕ್ಕಿತ್ತು. ತುರ್ತು ಪರಿಸ್ಥಿತಿ ಹೇರಿದ್ದನ್ನು ಪ್ರತಿಭಟಿಸಿ ಅವರು ಅದನ್ನು ಮರಳಿಸಿದರು. ತನ್ನ ಕಥೆಯ ಚಿತ್ರ ದೇಶದ ಅತ್ಯುನ್ನತ ಮನ್ನಣೆಯತ್ತ ಹೊರಟ ಕಾಲದಲ್ಲಿ, ಸರಕಾರ ಕೊಟ್ಟ ದೊಡ್ಡ ಗೌರವವನ್ನು ಬೇಡವೆಂದು ಬಿಡಲು ಎಂಥ ಎದೆ ಬೇಕು! ಪ್ರಶಸ್ತಿಗಾಗಿ ಬರೆದವರಿಂದ ಇದು ಆಗುವ ಕೆಲಸವಲ್ಲ. ಹಾಗೆಂದು ಅವರು ಪ್ರಶಸ್ತಿಗಳ ವೈರಿಯೂ ಆಗಿರಲಿಲ್ಲ. 1977ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದಾಗ ಸ್ವೀಕರಿಸಿದರು. 1992ರಲ್ಲಿ ಪಂಪ ಪ್ರಶಸ್ತಿಯೂ ಬಂತು. ಗೌರವ ಬಂದರೆ ಸಂತೋಷ, ಅದು ಬಾಯಿ ಕಟ್ಟುವುದಾದರೆ ಬೇಡ. ಈ ಲೆಕ್ಕ ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡುವಂಥದ್ದು.

ಇನ್ನು ‘ಬೆಟ್ಟದ ಜೀವ’. 1943ರ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡುದಾರಿ, ದಾರಿ ತಪ್ಪಿ ಕತ್ತಲಲ್ಲಿ ಬಂದವನಿಗೆ ಅನ್ನ, ಹಾಸಿಗೆ ಕೊಡುವ ಗೋಪಾಲಯ್ಯ–ಶಂಕರಿ ದಂಪತಿ, ಮನೆಗೆ ಬಾರದ ಮಗನ ಕೊರಗು. ಈಗ ಸುಬ್ರಹ್ಮಣ್ಯ ಕಡಬ ತಾಲೂಕಿಗೆ ಸೇರಿದೆ. ಕಡಬ ಹೊಸ ತಾಲೂಕು, ಅಲ್ಲಿನ ಬೆಟ್ಟದ ಕಥೆ ಮಾತ್ರ ಕನ್ನಡ ಓದುವವರಿಗೆಲ್ಲ ಹಳೆಯ ಪರಿಚಯ. ಪಿ. ಶೇಷಾದ್ರಿ ಇದನ್ನು 2010ರಲ್ಲಿ ಚಿತ್ರವಾಗಿಸಿದರು, ಗೋಪಾಲಯ್ಯನಾದವರು ಎಚ್.ಜಿ. ದತ್ತಾತ್ರೇಯ, ನಮ್ಮೆಲ್ಲರ ದತ್ತಣ್ಣ. ಪರಿಸರ ಸಂರಕ್ಷಣೆಯ ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕಾದಂಬರಿಗೂ ಪ್ರಶಸ್ತಿಗೂ ನಡುವೆ 67 ವರ್ಷ. ಅಡಿಕೆ ತೋಟ ಇಡುವುದು ಮೊಮ್ಮಕ್ಕಳ ಕಾಲಕ್ಕೂ ಗೊನೆ ಸಿಗಲಿ ಎಂದೇ ಅಲ್ಲವೇ? ಗೋಪಾಲಯ್ಯ ಕಾಡಿನ ನಡುವೆ ತೋಟ ಮಾಡಿದ್ದೂ, ಕಾರಂತರು ಅವನ ಕಥೆ ಬರೆದದ್ದೂ ಅದೇ ಧೈರ್ಯದಿಂದ.

ಶೇಷಾದ್ರಿಯವರು ತುರುವೇಕೆರೆ ತಾಲೂಕಿನ ದಂಡಿನಶಿವರದವರು. ಕಿರುತೆರೆಯ ಧಾರಾವಾಹಿಗಳಲ್ಲಿ ಕೈ ಪಳಗಿಸಿದವರು. ‘ಮುನ್ನುಡಿ’ಯಿಂದ ‘ಡಿಸೆಂಬರ್ 1’ರವರೆಗಿನ ಎಂಟು ಚಿತ್ರಗಳಿಗೂ ರಾಷ್ಟ್ರಪ್ರಶಸ್ತಿ ಬಂದಿದೆ. ಅಂಥವರು ನಮ್ಮ ಕಾರಂತರನ್ನು ಒಮ್ಮೆ ಮುಟ್ಟಿ ಸುಮ್ಮನಾಗಲಿಲ್ಲ, 2019ರಲ್ಲಿ ‘ಮೂಕಜ್ಜಿಯ ಕನಸುಗಳು’ ತಂದರು, ಬಿ. ಜಯಶ್ರೀ ಮೂಕಜ್ಜಿಯಾದರು. ಬಯಲುಸೀಮೆಯವರೊಬ್ಬರು ಕರಾವಳಿಯ ಅಜ್ಜ–ಅಜ್ಜಿಯರನ್ನು ಇಷ್ಟು ಅಕ್ಕರೆಯಿಂದ ಹುಡುಕಿಕೊಂಡು ಬಂದದ್ದು ಯಾವ ಸನ್ಮಾನಕ್ಕೂ ಕಡಿಮೆಯಲ್ಲ.

ಮಾತು ಕಿರುತೆರೆಗೆ ಬಂದ ಮೇಲೆ ಸದಾನಂದ ಸುವರ್ಣರನ್ನು ಬಿಡುವ ಹಾಗಿಲ್ಲ. ಮೂಲ್ಕಿಯವರು, ಕಥೆ ಬರೆದರು, ನಾಟಕ ಆಡಿಸಿದರು, ಚಿತ್ರ ನಿರ್ಮಿಸಿದರು, ಧಾರಾವಾಹಿ ನಿರ್ದೇಶಿಸಿದರು. 1977ರಲ್ಲಿ ಸ್ವರ್ಣ ಕಮಲ ಪಡೆದ ‘ಘಟಶ್ರಾದ್ಧ’ದ ನಿರ್ಮಾಪಕರು ಅವರೇ. ಆದರೆ ನಮ್ಮ ಮನೆಗಳಲ್ಲಿ ಅವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ದೂರದರ್ಶನದ ‘ಗುಡ್ಡದ ಭೂತ’. ಟಿ.ವಿ. ಇದ್ದ ಮನೆಯ ಜಗಲಿ ತುಂಬ ನೆರೆಕರೆಯವರು ಕೂತು ನೋಡಿದ ಕಾಲ ಅದು. ಅದರ ತುಳು ಹಾಡಿನ ರಾಗ ಈಗಲೂ ನಡುವಯಸ್ಸಿನವರ ಬಾಯಲ್ಲಿದೆ. ಸುವರ್ಣರು 2024ರ ಜುಲೈಯಲ್ಲಿ ತೀರಿಕೊಂಡರು. ಅದೇ ವರ್ಷ, ಸ್ವಲ್ಪವೇ ದಿನಗಳ ಬಳಿಕ, ಹೊಸದಾಗಿ ಸಂರಕ್ಷಿಸಿದ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ದೂರದ ವೆನಿಸ್ಸಿನಲ್ಲಿ ಸಿಕ್ಕಿದ ಗೌರವಕ್ಕೆ ನನಗೆ ಹೆಮ್ಮೆಯಿದೆ. ಜಗಲಿಯಲ್ಲಿ ಸಿಕ್ಕಿದ ಗೌರವವನ್ನೂ ಅದರ ಸಮಕ್ಕೇ ಇಡುತ್ತೇನೆ.

ತುಳುವಿನ ಮಾತನ್ನೂ ಸೇರಿಸಬೇಕು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇನ್ನೂ ಜಾಗ ಸಿಗದ ಭಾಷೆಗೆ ಸಿನಿಮಾ ಪ್ರಶಸ್ತಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ: ‘ಬಂಗಾರ್ ಪಟ್ಲೇರ್’, ‘ಕೋಟಿ ಚೆನ್ನಯ’, ‘ಗಗ್ಗರ’, ‘ಮದಿಪು’, ‘ಪಡ್ಡಾಯಿ’, ‘ಪಿಂಗಾರ’, ‘ಜೀಟಿಗೆ’ ಎಲ್ಲ ಅತ್ಯುತ್ತಮ ತುಳು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರು ಹುಟ್ಟಿದ್ದು ಪುತ್ತೂರು ತಾಲೂಕಿನ ಪಡುಮಲೆಯಲ್ಲಿ, ವೀರಮರಣವಪ್ಪಿದ್ದು ಎಣ್ಮೂರಿನಲ್ಲಿ. ಗದ್ದೆಯಲ್ಲಿ ನೇಜಿ ನೆಡುತ್ತ ಹೆಂಗಸರು ಪಾಡ್ದನವಾಗಿ ಹಾಡಿ ಉಳಿಸಿದ ಕಥೆ ರಾಷ್ಟ್ರಪ್ರಶಸ್ತಿಯವರೆಗೆ ಹೋಯಿತು. ಸುಳ್ಯದ ಅರೆಭಾಷೆಗೂ ಇಂಥ ದಿನ ಬರಲಿ ಎಂಬುದು ನನ್ನ ಆಸೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಅಕ್ಟೋಬರ್ 10ರಂದು ಕಾರಂತರ ಹುಟ್ಟುಹಬ್ಬಕ್ಕೆ ಬಾಲವನದಲ್ಲಿ ಕಾರ್ಯಕ್ರಮವಾಗುತ್ತದೆ, ಪ್ರಶಸ್ತಿ ಪ್ರದಾನವೂ ಇರುತ್ತದೆ. ಅದರ ಜೊತೆಗೆ ಒಂದು ವಾರ ಮೂರೂ ತಾಲೂಕುಗಳ ಕಾಲೇಜು, ಹೈಸ್ಕೂಲುಗಳಲ್ಲಿ ಈ ಚಿತ್ರಗಳನ್ನು ತೋರಿಸೋಣ. ಪುತ್ತೂರಿನಲ್ಲಿ ‘ಚೋಮನ ದುಡಿ’, ಸುಬ್ರಹ್ಮಣ್ಯದಲ್ಲಿ ‘ಬೆಟ್ಟದ ಜೀವ’, ಸುಳ್ಯದಲ್ಲಿ ‘ಮೂಕಜ್ಜಿಯ ಕನಸುಗಳು’. ಒಂದು ಪ್ರೊಜೆಕ್ಟರು, ಒಂದು ಬಿಳಿ ಪರದೆ, ಚಿತ್ರದ ಹಕ್ಕುಳ್ಳವರ ಒಪ್ಪಿಗೆ, ಬಳಿಕ ಅರ್ಧ ಗಂಟೆ ಮಾತುಕತೆ; ಇಷ್ಟಾದರೆ ಸಾಕು. ಚೋಮನಿಗೆ ಗದ್ದೆ ಯಾಕೆ ಸಿಗಲಿಲ್ಲ ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಬೇಕು. ಹಿರಿಯರು ಅದಕ್ಕೆ ನೇರವಾಗಿ ಉತ್ತರಿಸಬೇಕು. ಸಿನಿಮಾ ಮಾಡಿದವರಿಗೆ ನಾವು ಕೊಡಬಹುದಾದ ಮರ್ಯಾದೆ ಅದು. ಶಾಲು, ಹಾರವನ್ನು ಆಮೇಲೆ ಧಾರಾಳವಾಗಿ ಹಾಕೋಣ.